ಪಂಪ್ ಹಾಕಿಸಿದ್ದು ಸೋರಿಕೆಗೆ, ಲಾಭ ಆದದ್ದು ಹೀಟರಿಗೆ

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಕಾರಿನ ಎಂಜಿನ್ ತಣ್ಣಗಿಡುವ ದ್ರವವನ್ನು, ಅಂದರೆ ಕೂಲೆಂಟನ್ನು, ಸುತ್ತಿಸುವ ಈ ವಾಟರ್ ಪಂಪಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಗ್ಯಾಸ್ಕೆಟ್ (ಪಂಪ್ ಕೂರುವ ಜಾಗದಲ್ಲಿ ಸೋರದಂತೆ ಮಧ್ಯೆ ಇಡುವ ಪದರ) ತೀರಾ ತೆಳು. ನನಗೆ ಸಿಕ್ಕಿದ್ದು ಮಡಚಿ ಗೆರೆ ಬೇರೆ ಬಿದ್ದಿತ್ತು. ನಮ್ಮ ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನು ಹಾಕಿದ್ರೆ ನೀವು ಹಿರಿಯಡ್ಕ ದಾಟುವಾಗ ಕೂಲೆಂಟ್ ಎಲ್ಲ ರೋಡಲ್ಲಿ ಮಾರಾಯ್ರೆ" ಅಂದರು. ಬೇರೆ ಅಂಗಡಿಯಿಂದ ಒಳ್ಳೆಯದು ತರಿಸಿ ಹಾಕಿದೆವು. 2,000 ರೂಪಾಯಿ ಆಸುಪಾಸಿನ ಸಾಮಾನಿನಲ್ಲಿ ಒಂದು ಗ್ಯಾಸ್ಕೆಟಿಗೆ ಯಾಕೆ ಇಷ್ಟು ಕಂಜೂಸಿತನ?

ಎರಡನೇ ಕಿರಿಕಿರಿ ಇಂಪೆಲ್ಲರ್. ಪಂಪಿನ ಒಳಗೆ ತಿರುಗಿ ಕೂಲೆಂಟ್ ತಳ್ಳುವ ರೆಕ್ಕೆ ಇದು. ನನ್ನ ಹಳೆಯ ಪಂಪಿನಲ್ಲಿ ಕಬ್ಬಿಣದ್ದಿತ್ತು, ಇದರಲ್ಲಿ ಪ್ಲಾಸ್ಟಿಕ್. ನೋಡಿದರೆ ಜಾತ್ರೆಯಲ್ಲಿ ಸಿಗುವ ಗಿರಗಿಟ್ಟಲೆ ಹಾಗಿದೆ. ವಾಪಸ್ ಮಾಡುವ ಅಂತಲೂ ಅನ್ನಿಸಿತ್ತು.

ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಓಡಾಟ ಉಡುಪಿ–ಮಣಿಪಾಲ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ, ಹೆಂಡತಿಯ ತವರಿಗೆ. ಷೋರೂಮಿನವರು ಹೇಳಿದ ರೇಟಿಗೆ ಪಂಪ್ ಹಾಕಿಸುವಷ್ಟು ಬೆಲೆ ಈ ಕಾರಿಗೇ ಉಳಿದಿಲ್ಲ. ಹಾಗಾಗಿ ಇದು.

ಹಳೆಯದು ಹೋಗಿದೆ ಅಂತ ಗೊತ್ತಾದದ್ದು ಬೆಳಗಿನ ಅಭ್ಯಾಸದಿಂದ. ಎಂಜಿನ್ ತಣ್ಣಗಿರುವಾಗ, ಚಾ ಕುಡಿಯುವ ಮೊದಲೇ ಬಾನೆಟ್ ಎತ್ತುತ್ತೇನೆ. ಕೂಲೆಂಟ್ ಟ್ಯಾಂಕ್ ಹಳತಾಗಿ ಹಳದಿ ತಿರುಗಿದೆ, ಸುಮ್ನೆ ನೋಡಿದರೆ ಮಟ್ಟ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಟ್ಯಾಂಕಿನ ಹಿಂದೆ ಹಿಡಿದರೆ ಒಳಗಿನ ಗೆರೆ ಗುಲಾಬಿಯಾಗಿ ಹೊಳೆಯುತ್ತದೆ. ಮಿನ್ ಮತ್ತು ಮ್ಯಾಕ್ಸ್ ಮಧ್ಯೆ ಇದ್ದರೆ ಸಮಾಧಾನ. ಆಮೇಲೆ ಕಾರಿನ ಅಡಿ ನೋಡುವುದು. ಮಳೆಗಾಲದಲ್ಲಿ ನೆಲ ಹೇಗೂ ಒದ್ದೆ, ಅಲ್ವಾ? ಅದಕ್ಕೆ ರಾತ್ರಿ ಒಂದು ರಟ್ಟು ಹಾಸಿಡುತ್ತೇನೆ. ರಟ್ಟಿನ ಮೇಲಿನ ಕಲೆ ಮುಟ್ಟಿದರೆ ಜಾರುವ ಹಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್. (ಬಿದ್ದದ್ದನ್ನು ತೊಳೆದುಬಿಡಿ. ನಾಯಿ, ಬೆಕ್ಕು ಅದರ ಸಿಹಿಗೆ ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.)

ಪಂಪಿನ ಅಡಿಯಲ್ಲಿ ವೀಪ್ ಹೋಲ್ ಅಂತ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಗೆ ಬರಲಿ ಅಂತ. ನನ್ನದರ ಸುತ್ತ ಗುಲಾಬಿ ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅಷ್ಟು ಕಂಡರೆ ಸಾಕು, ಪಂಪ್ ಬದಲಿಸಬೇಕು. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವ ಉಪಾಯ ಒಬ್ಬರು ಹೇಳಿದರು. ದಯವಿಟ್ಟು ಬೇಡ. ಹೊರಗೆ ಬರುವುದು ನಿಂತರೆ ಅದು ಬೇರಿಂಗನ್ನೇ ತಿನ್ನುತ್ತದೆ.

ಬಿಚ್ಚಿದಾಗ ನೋಡಿದರೆ ಕಬ್ಬಿಣದ ಇಂಪೆಲ್ಲರಿನ ರೆಕ್ಕೆಗಳು ತುಕ್ಕು ತಿಂದು ಅರ್ಧಕ್ಕೆ ಬಂದಿದ್ದವು. ಹಿಂದಿನ ಮಾಲೀಕರ ಮನೆ ಮಲ್ಪೆ ಕಡೆ. ವರ್ಷಗಟ್ಟಲೆ ಬಾವಿ ನೀರೇ ಹೊಯ್ದಿದ್ದರಂತೆ. ಕಡಲ ಬದಿಯ ಬಾವಿಯಲ್ಲಿ ಉಪ್ಪು ಬೇರೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ಬರೀ ನೀರಿನಲ್ಲಿ ಏನಿರುತ್ತದೆ? ಈಗ ನಾನು ಹಾಕುವುದು ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ ಅನ್ನುವ ಮಾತು ಆಗ ತಲೆಗೆ ಹೋಯಿತು. ವಾಪಸ್ ಮಾಡುವ ಯೋಚನೆ ಬಿಟ್ಟೆ.

ಕೂಲೆಂಟ್ ತುಂಬಿದ ಮೇಲೆ ಮೆಕ್ಯಾನಿಕ್ ಹೀಟರನ್ನು ಫುಲ್ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿದರು. ಏಪ್ರಿಲ್ ಸೆಕೆ, ಮಧ್ಯಾಹ್ನ. "ಎಂತಕ್ಕೆ ಇದು?" ಅಂದೆ. "ಕೂಲೆಂಟ್ ಪೈಪಲ್ಲಿ ಸಿಕ್ಕಿಕೊಂಡ ಗಾಳಿ ಹೋಗ್ಬೇಕಲ್ಲ. ಬಿಸಿ ಬರ್ತಾ ಉಂಟಾ ಕೈ ಇಟ್ಟು ನೋಡಿ." ಕೈ ಇಟ್ಟೆ, ಸುಡುತ್ತಿತ್ತು! ಕಾರು ತೆಗೆದುಕೊಂಡಂದಿನಿಂದ ಈ ಹೀಟರಿನಲ್ಲಿ ಇಷ್ಟು ಬಿಸಿ ಕಂಡದ್ದಿಲ್ಲ. ಘಾಟಿ ಏರುವಾಗ ಸ್ವಲ್ಪ ಬೆಚ್ಚಗೆ, ನಿಲ್ಲಿಸಿದರೆ ತಣ್ಣಗೆ. ಡೀಸೆಲ್ ಕಾರಿನ ಹಣೆಬರಹವೇ ಇಷ್ಟು ಅಂದುಕೊಂಡಿದ್ದೆ. ಹೀಟರಿಗೆ ಬಿಸಿ ಬರುವುದು ಎಂಜಿನ್ನಿನಲ್ಲಿ ಕಾದ ಕೂಲೆಂಟಿನಿಂದಲೇ. ರೆಕ್ಕೆ ಸವೆದ ಪಂಪ್ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ನಿಧಾನ ಓಡುವಾಗ) ಹೀಟರ್ ತನಕ ಅದನ್ನು ತಳ್ಳುತ್ತಲೇ ಇರಲಿಲ್ಲ.

ಉಡುಪಿಯಲ್ಲಿ ಹೀಟರ್ ಯಾರಿಗೆ ಬೇಕು ಅಂತ ನಗಬೇಡಿ. ಜುಲೈ ತಿಂಗಳಲ್ಲಿ ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತಿ ನೋಡಿ. ಬರೀ ಎಸಿ ಹಾಕಿ ಗಾಜಿಗೆ ಬಿಟ್ಟರೆ ಒಳಗಿನ ಮಂಜು ಹೋಗುತ್ತದೆ, ಆದರೆ ಗಾಜು ತಣ್ಣಗಾಗಿ ಹೊರಗೆ ಮಂಜು ಕೂರುತ್ತದೆ. ವೈಪರ್ ಒರೆಸಿದಷ್ಟೂ ಮತ್ತೆ ಬರುತ್ತದೆ. ಎಸಿ ಜೊತೆ ಹೀಟರನ್ನೂ ತಿರುಗಿಸಿದರೆ ಗಾಳಿ ಒಣಗಿರುತ್ತದೆ, ಗಾಜೂ ಬೆಚ್ಚಗಿರುತ್ತದೆ. ಈ ಮಳೆಗಾಲ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಬಟ್ಟೆ ಹಿಡಿಯುವ ಕೆಲಸ ತಪ್ಪಿತು. ಹೆಂಡತಿ ಈಗ ಕಾಲಿಗೂ ಬಿಸಿ ಗಾಳಿ ಬಿಡು ಅನ್ನುತ್ತಾಳೆ.

ಹಾಗಂತ ಹೀಟರ್ ಬಿಸಿ ಬರದಿದ್ದರೆ ಓಡಿ ಹೋಗಿ ಪಂಪ್ ತರಬೇಡಿ. ಕೂಲೆಂಟ್ ಕಡಿಮೆ ಇರಬಹುದು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ಕೂಲೆಂಟ್ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರಬಹುದು. ಹೀಟರ್ ಕೋರ್, ಅಂದರೆ ಒಳಗೆ ಗಾಳಿಯನ್ನು ಬಿಸಿ ಮಾಡುವ ಸಣ್ಣ ರೇಡಿಯೇಟರ್, ಕಟ್ಟಿಕೊಂಡಿರಬಹುದು. ಅವನ್ನು ನೋಡುವುದು ಕಡಿಮೆ ಖರ್ಚಿನ ಕೆಲಸ.

ಪಂಪ್ ಇವತ್ತಿಗೂ ಒಂದು ಹನಿ ಸೋರಿಲ್ಲ, ಬೇರಿಂಗ್ ಸದ್ದೂ ಇಲ್ಲ. ಇನ್ನೊಂದು ಈಗ ಮಾವನ ಕಾರಿಗೆ ಬೇಕಾಗಿದೆ. ನನ್ನದರಲ್ಲಿ ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದ, ಬಿಚ್ಚುವುದು ಸುಲಭ. ಅವರದು ಟೈಮಿಂಗ್ ಬೆಲ್ಟಿನಿಂದ, ಅಂದರೆ ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ, ಮುಚ್ಚಳದೊಳಗಿನ ಬೆಲ್ಟಿನಿಂದ. ಆ ಬೆಲ್ಟ್ ಬದಲಿಸುವ ಹೊತ್ತು ಬಂದಿದೆ, ಹೇಗೂ ಬಿಚ್ಚುವಾಗ ಪಂಪನ್ನೂ ಹಾಕಿಸಿದರೆ ಎರಡೆರಡು ಸಲ ಮಜೂರಿ ಕೊಡುವುದು ತಪ್ಪುತ್ತದೆ. ಅವರ ಕಾರಿಗೆ ಹೊಂದುವ ಮಾಡೆಲ್ ಇದೇ ಕಂಪನಿಯದ್ದು ತರಿಸುತ್ತೇನೆ. ಗ್ಯಾಸ್ಕೆಟ್ ಮಾತ್ರ ಅಂಗಡಿಯಿಂದ.