ಕೊಡಾಕ್ ಕಲರ್‌ಪ್ಲಸ್ 200: ಚೆಂಡು ಹೂವಿನ ಬಣ್ಣ ಕೆಡಿಸಿದ್ದು ಫಿಲ್ಮ್ ಅಲ್ಲ

ಈ ಕಲರ್ ಫಿಲ್ಮ್ ರೀಲನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಊರು ಚಿಕ್ಕಬಳ್ಳಾಪುರ. ಹೂವಿನ ಮಾರ್ಕೆಟ್ಟು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ನಂದಿಯ ಭೋಗನಂದೀಶ್ವರ ದೇವಸ್ಥಾನ, ಇಷ್ಟೇ ನನ್ನ ಸುತ್ತಾಟ. ಕ್ಯಾಮೆರಾ ನಿಕಾನ್ ಎಫ್‌ಎಂ10, ಮಾವ ಕೊಟ್ಟಿದ್ದು. ಫಿಲ್ಮ್ ಹೇಗಿದೆ ಅಂತ ಕೇಳಿದರೆ, ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಆದರೆ ಸ್ಕ್ಯಾನ್ (ತೊಳೆದ ಫಿಲ್ಮನ್ನು ಡಿಜಿಟಲ್ ಫೋಟೋ ಮಾಡುವುದು) ಎಲ್ಲಿ ಮಾಡಿಸುತ್ತೀರಿ, ಹೇಗೆ ಮಾಡಿಸುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ. ನನಗೆ ಅದನ್ನು ಯಾರೂ ಹೇಳಲಿಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ರೀಲು, ತೊಳೆಯುವುದು, ಸ್ಕ್ಯಾನು ಎಲ್ಲಾ ಸೇರಿ ನನಗೆ ಒಂದು ಫೋಟೋಗೆ ಸುಮಾರು 40 ರೂಪಾಯಿ ಬೀಳುತ್ತದೆ. ಅಗ್ಗದ ಫಿಲ್ಮ್ ಅಂತ ಹೆಸರು, ನನ್ನ ಸಂಬಳಕ್ಕೆ ಅಗ್ಗವಲ್ಲ. ತಿಂಗಳಿಗೆ ಒಂದೇ ರೀಲು ಅಂತ ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ.

ಆ ಒಂದು ರೀಲು ಹಾಕುವ ಬೆಳಗ್ಗೆ ನನಗೆ ತುಂಬಾ ಇಷ್ಟ. ರಾತ್ರಿಯೇ ಫ್ರಿಜ್ಜಿನಿಂದ ಡಬ್ಬಿ ತೆಗೆದು ಟೇಬಲ್ ಮೇಲೆ ಇಡುತ್ತೇನೆ, ತಣ್ಣಗಿರುವಾಗಲೇ ತೆರೆದರೆ ಫಿಲ್ಮ್ ಮೇಲೆ ನೀರು ಹನಿ ಕೂರುತ್ತದೆ. ಬೆಳಗ್ಗೆ ಕಾಫಿ ಕುಡಿದು, ಫಿಲ್ಮಿನ ನಾಲಿಗೆಯನ್ನು ಸುರುಳಿಯ ಸಂದಿಗೆ ಸಿಕ್ಕಿಸಿ, ಎರಡೂ ಕಡೆಯ ತೂತು ಹಲ್ಲಿಗೆ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಬಾಗಿಲು ಮುಚ್ಚುತ್ತೇನೆ. ಆಮೇಲೆ ಲಿವರ್ ಎಳೆಯುವಾಗ ಎಡಗಡೆಯ ಸುತ್ತುವ ಗುಬುಟು ತಾನೂ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ ಅಂತ ಅರ್ಥ. ಅದು ತಿರುಗುವುದನ್ನು ನೋಡದೆ ನಾನು ಮನೆ ಬಿಡುವುದಿಲ್ಲ.

ಈಗ ನನಗೆ ಸಿಟ್ಟು ಬರಿಸಿದ ವಿಷಯ. ದಸರಾ ಹತ್ತಿರ ಬಂದಾಗ ಮಾರ್ಕೆಟ್ಟಿನಲ್ಲಿ ಚೆಂಡು ಹೂವಿನ ರಾಶಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಒಂದು ಪೂರ್ತಿ ರೀಲು ಅಲ್ಲೇ ತೆಗೆದೆ, ಬೆಂಗಳೂರಿನ ಒಂದು ಲ್ಯಾಬಿಗೆ ಕೊಟ್ಟೆ. ಬಂದ ಸ್ಕ್ಯಾನಿನಲ್ಲಿ ಹೂವು ಸಪ್ಪೆ ನಿಂಬೆಹಣ್ಣಿನ ಬಣ್ಣ, ಕೈಗಳೆಲ್ಲ ನೀಲಿ. ಪ್ರಿಂಟ್ ಹಾಕಿಸಿ ಹೂವಿನ ಅಜ್ಜಿಗೆ ಕೊಟ್ಟರೆ, "ಇದು ನಮ್ಮ ಹೂವಲ್ಲ ಕಣಪ್ಪ" ಅಂದುಬಿಟ್ಟರು. ಲ್ಯಾಬಿನಲ್ಲಿ ಕೇಳಿದರೆ, ಅಗ್ಗದ ಫಿಲ್ಮ್ ಸಾರ್, ಇಷ್ಟೇ ಬರೋದು ಅನ್ನುವ ಉತ್ತರ. ಅದು ಸುಳ್ಳು. ನನಗೆ ಇವತ್ತಿಗೂ ಬೇಜಾರಿರುವುದು ಆ ಉತ್ತರದ ಬಗ್ಗೆಯೇ.

ಮಾಮೂಲಿ ಕಲರ್ ನೆಗೆಟಿವ್ (ಬಣ್ಣ ಉಲ್ಟಾ ಮೂಡುವ ಇಂಥ ಫಿಲ್ಮ್) ಯಾವ ಕಂಪನಿಯದ್ದಾದರೂ ತೊಳೆಯುವ ಕ್ರಮ ಒಂದೇ, ಅದರ ಹೆಸರು ಸಿ-41. ಡೆವಲಪರ್, ಅಂದರೆ ಚಿತ್ರ ಮೂಡಿಸುವ ರಾಸಾಯನಿಕ, 38 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು, ಸಮಯ 3 ನಿಮಿಷ 15 ಸೆಕೆಂಡು. ಅದು ಸರಿಯಾಗಿದ್ದರೆ ಬಣ್ಣ ನೆಗೆಟಿವಿನಲ್ಲಿ ಕೂತಾಯಿತು. ಆದರೆ ನೆಗೆಟಿವಿಗೆ ಒಂದು ಕಿತ್ತಳೆ ಛಾಯೆ ಇರುತ್ತದೆ, ಅದು ಬೇಕೆಂದೇ ಇಟ್ಟದ್ದು, ಫಿಲ್ಮಿನೊಳಗಿನ ಬಣ್ಣಗಳ ಕೊರತೆ ಸರಿದೂಗಿಸಲು. ಸ್ಕ್ಯಾನರ್ ಆ ಛಾಯೆ ಕಳೆದು ಬಣ್ಣಗಳನ್ನು ತಿರುಗಿಸಬೇಕು. ಆಟೋಮ್ಯಾಟಿಕ್ ಇಟ್ಟರೆ ಅದು ಪ್ರತಿ ಫೋಟೋದಲ್ಲೂ ಎಲ್ಲ ಬಣ್ಣ ಸೇರಿ ಬೂದು ಆಗಬೇಕು ಅಂತ ಲೆಕ್ಕ ಹಾಕುತ್ತದೆ. ರಸ್ತೆ, ಮನೆ, ಜನ ಇರುವ ಫೋಟೋದಲ್ಲಿ ಲೆಕ್ಕ ಸರಿ ಬರುತ್ತದೆ. ಫೋಟೋ ತುಂಬಾ ಚೆಂಡು ಹೂವೇ ಇದ್ದರೆ? ಹಳದಿ ಜಾಸ್ತಿಯಾಯಿತು ಅಂದುಕೊಂಡು ನೀಲಿ ಸುರಿಯುತ್ತದೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ತೆಗೆದರೂ ಇದೇ ಕಥೆ, ಅಲ್ಲಿ ಕೆಂಪು ಹೋಗುತ್ತದೆ.

ಪುಣ್ಯಕ್ಕೆ ನೆಗೆಟಿವ್ ವಾಪಸ್ ತಂದಿದ್ದೆ. ಅದೇ ರೀಲನ್ನು ಬೇರೆ ಕಡೆ ಒಯ್ದು, ಆಟೋ ತೆಗೆದು ಒಂದು ಮಾಮೂಲಿ ಫೋಟೋಗೆ ಬಣ್ಣ ಹೊಂದಿಸಿ, ಉಳಿದದ್ದಕ್ಕೆಲ್ಲ ಅದನ್ನೇ ಇಡಿ ಅಂತ ಕೇಳಿಕೊಂಡೆ. ಆ ಹುಡುಗ ತಾಳ್ಮೆಯಿಂದ ಮಾಡಿಕೊಟ್ಟ. ಸ್ಕ್ರೀನ್ ಮೇಲೆ ಆ ಕಿತ್ತಳೆ ಬಂದಾಗ ನನಗೆ ಮಾತೇ ಹೊರಡಲಿಲ್ಲ. ಸ್ವಲ್ಪ ಬೆಚ್ಚಗಿನ ಬಣ್ಣ, ನೆರಳಿನಲ್ಲಿ ಮಂದ ಕಂದು, ಗೋಣಿಚೀಲದ ನೂಲು ಸಹಿತ. ನನ್ನ ಫೋನು ಅದೇ ಹೂವನ್ನು ಒಂದೇ ಹಳದಿ ಮುದ್ದೆ ಮಾಡುತ್ತದೆ, ಇಲ್ಲಿ ಒಂದೊಂದು ಎಸಳೂ ಬೇರೆ ಬೇರೆ. ಹೊಸ ಪ್ರಿಂಟ್ ನೋಡಿ ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ ದುಡ್ಡಿನ ಡಬ್ಬಿಯೊಳಗೆ ಇಟ್ಟುಕೊಂಡರು.

ಆವಾಗಿನಿಂದ ಪ್ರತಿ ರೀಲಿನ ಮೊದಲ ಫೋಟೋ ನಮ್ಮ ಬೀದಿಯದ್ದೇ, ಬಿಸಿಲಲ್ಲಿ, ಸುಣ್ಣ ಬಳಿದ ಗೋಡೆ ಸೇರಿಸಿ. ಲ್ಯಾಬಿನವರಿಗೆ ಚೀಟಿಯಲ್ಲಿ ಬರೆಯುತ್ತೇನೆ: ಇದಕ್ಕೆ ಬಣ್ಣ ಹೊಂದಿಸಿ, ಮಿಕ್ಕಿದ್ದಕ್ಕೆಲ್ಲ ಅದನ್ನೇ ಇಡಿ, ಬೇರೆ ಮಾಡಬೇಡಿ. ನೆಗೆಟಿವ್ ಕೂಡ ಕೇಳಿ ತಗೊಳ್ಳಿ. ಸ್ಕ್ಯಾನ್ ಎಷ್ಟು ಸಲ ಬೇಕಾದರೂ ಮಾಡಿಸಬಹುದು, ನೆಗೆಟಿವ್ ಕಳೆದರೆ ಮುಗಿಯಿತು.

ಇನ್ನೊಂದು, ಬೆಳಕು. ಈ ಫಿಲ್ಮಿಗೆ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ನೆರಳೆಲ್ಲ ಕೆಸರಾಗುತ್ತದೆ. ಹೆಸರಿನ 200 ಅನ್ನುವುದು ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ. ನಾನು ಕ್ಯಾಮೆರಾದ ಬೆಳಕಿನ ಮೀಟರನ್ನು 100ಕ್ಕೆ ಇಡುತ್ತೇನೆ, ಆಗ ಫಿಲ್ಮಿಗೆ ಎರಡರಷ್ಟು ಬೆಳಕು ಬೀಳುತ್ತದೆ. ಬಿಸಿಲು ಬಂದ ಮೇಲೆ ಮಾರ್ಕೆಟ್ಟಿಗೆ ಹೋಗುವ ನನಗೆ ಇದು ಸಾಕು. ಕತ್ತಲಿರುವಾಗಲೇ ಲಾರಿ ಇಳಿಸುವುದನ್ನು ತೆಗೆಯುವ ಆಸೆ ಇದ್ದರೆ ಇದನ್ನು ಬಿಡಿ, ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಕಡಿಮೆ ಬೆಳಕು ಸಾಕಾಗುವ, ಕೊಡಾಕ್‌ನದ್ದೇ ಅಲ್ಟ್ರಾಮ್ಯಾಕ್ಸ್ 400 ತಗೊಳ್ಳಿ.