ಹ್ಯಾರಿಯರ್ ಇವಿ: ಹಿಂದಿನ ಸೀಟಿನಲ್ಲಿ ಕೂತವರ ರಿವ್ಯೂ

ನನ್ನ ಮೈದುನ ಟಾಟಾ ಹ್ಯಾರಿಯರ್ ಇವಿ ಅನ್ನೋ ಎಲೆಕ್ಟ್ರಿಕ್ ಕಾರು ತಗೊಂಡಿದ್ದಾನೆ. ಅದೂ ಎರಡು ಮೋಟರಿನ, ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ಕ್ಯೂಡಬ್ಲ್ಯೂಡಿ ಮಾದರಿ. ಈ ಗಾಡಿ ಬಗ್ಗೆ ಬಂದಿರೋ ರಿವ್ಯೂಗಳಲ್ಲಿ ಜಾಸ್ತಿ ಸ್ಟೇರಿಂಗ್ ಹಿಡಿದವರವೇ. ಹಿಂದೆ ಕೂತ ಹೆಂಗಸರು, ಮಕ್ಕಳು, ವಯಸ್ಸಾದವರ ಕಥೆ ಯಾರೂ ಕೇಳಲ್ಲ. ನಾನು ಬೀದರ್‌ನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ದಿನಾ ಕುತ್ತಿಗೆ, ಸೊಂಟ ನೋಡೋದೇ ಕೆಲಸ. ಹಾಗಾಗಿ ಪರದೆ ಎಷ್ಟು ದೊಡ್ಡದು, ಮ್ಯೂಸಿಕ್ ಸಿಸ್ಟಮ್ ಹೇಗಿದೆ ಅನ್ನೋದನ್ನೆಲ್ಲ ಬಿಟ್ಟು, ಮೈಗೆ ಏನಾಗುತ್ತೆ ಅನ್ನೋದನ್ನಷ್ಟೇ ಬರೆಯುತ್ತೇನೆ.

ಈ ಗಾಡಿ 2025ರ ಜೂನ್‌ನಲ್ಲಿ ಬಂತು. ಜಾಸ್ತಿ ಎಳೆತ ಕೊಡೋ ಬೂಸ್ಟ್ ಮೋಡ್‌ನಲ್ಲಿ ಸೊನ್ನೆಯಿಂದ ಗಂಟೆಗೆ ನೂರು ಕಿ.ಮೀ. ವೇಗಕ್ಕೆ 6.3 ಸೆಕೆಂಡು ಅಂತ ಕಂಪನಿ ಹೇಳುತ್ತದೆ. ಲೆಕ್ಕ ಹಾಕಿದರೆ ಸರಾಸರಿ 0.45 ಜಿ. ಅಂದರೆ ಭೂಮಿ ನಮ್ಮನ್ನು ಕೆಳಕ್ಕೆ ಎಳೆಯೋ ಬಲದಲ್ಲಿ ಹತ್ತಿರಹತ್ತಿರ ಅರ್ಧ, ಬೆನ್ನ ಹಿಂದಿನಿಂದ ಬಂದು ದೂಡುತ್ತದೆ. ದೊಡ್ಡವರ ತಲೆ ನಾಲ್ಕೂವರೆಯಿಂದ ಐದು ಕೆಜಿ ಇರುತ್ತದೆ. ಹಾಗಾದರೆ ಎರಡು ಕೆಜಿ ಭಾರ ತಲೆಯನ್ನು ಹಿಂದಕ್ಕೆ ಎಳೆದ ಹಾಗೆ. ಗಟ್ಟಿ ಕುತ್ತಿಗೆಗೆ ಇದೇನೂ ದೊಡ್ಡದಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಇದಕ್ಕಿಂತ ಜಾಸ್ತಿ ಬಲ ಬೀಳುತ್ತೆ.

ತೊಂದರೆ ಇರೋದು ಭಾರದಲ್ಲಿ ಅಲ್ಲ, ಹೇಳದೆ ಕೇಳದೆ ಬರೋದರಲ್ಲಿ. ಡೀಸೆಲ್ ಗಾಡಿ ಮೊದಲು ಗುರ್ ಅನ್ನುತ್ತೆ, ಗೇರ್ ಬದಲಾಗುತ್ತೆ, ಆಮೇಲೆ ಎಳೆಯುತ್ತೆ. ಅಷ್ಟರಲ್ಲಿ ಕುತ್ತಿಗೆಯ ಸ್ನಾಯು ಬಿಗಿಯಾಗಿರುತ್ತದೆ. ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ಸದ್ದೂ ಇಲ್ಲ. ಓಡಿಸುವವನ ಕಾಲಿಗೆ ಮೊದಲೇ ಗೊತ್ತಿರುತ್ತೆ. ಹಿಂದೆ ಕೂತು ಚೀಲದಲ್ಲಿ ನೀರಿನ ಬಾಟಲಿ ಹುಡುಕುವವರಿಗೆ ಹೇಗೆ ಗೊತ್ತಾಗಬೇಕು?

ಹುಮನಾಬಾದ್ ಕಡೆ ಹೋಗುವಾಗ ರಸ್ತೆ ಖಾಲಿ ಸಿಕ್ಕಿತು. "ವೈನಿ, ಬೂಸ್ಟ್ ಹಾಕ್ತೀನಿ, ಗಟ್ಟಿ ಕುಂದರ್ರಿ" ಅಂದ ಮೈದುನ. ನಾನು ಹೆಡ್‌ರೆಸ್ಟ್ ಮೇಲೆತ್ತಿ ತಲೆ ಆನಿಸಿದೆ. ಆನಿಸೋಕೆ ಆಗಲೇ ಇಲ್ಲ! ಕೂದಲಿಗೆ ಪ್ಲಾಸ್ಟಿಕ್ ಕ್ಲಚರ್ ಹಾಕಿದ್ದೆ. ಅದನ್ನು ತೆಗೆದು ಪರ್ಸ್‌ಗೆ ಹಾಕಿಕೊಂಡ ಮೇಲೇ ತಲೆ ಸರಿಯಾಗಿ ಕೂತಿದ್ದು. ಪಕ್ಕದಲ್ಲಿ ನಮ್ಮ ಅತ್ತಿಯವರದು ದೊಡ್ಡ ತುರುಬು. ತುರುಬು ಹೆಡ್‌ರೆಸ್ಟಿಗೆ ತಾಗಿದೆ, ತಲೆ ಮಾತ್ರ ನಾಲ್ಕು ಬೆರಳು ಮುಂದಿದೆ. ಗಾಡಿ ನುಗ್ಗಿದ ತಕ್ಷಣ ತುರುಬು ಅಮುಕಿ, ತಲೆ ಹಿಂದಕ್ಕೆ ವಾಲಿ, ಗದ್ದ ಮೇಲಕ್ಕೆ ಹೋಯಿತು. ಕುತ್ತಿಗೆಗೆ ಪೆಟ್ಟು ಬೀಳೋದು ಹೀಗೆ ಖಾಲಿ ಬಿಟ್ಟ ಜಾಗದಲ್ಲೇ. ಹೆಡ್‌ರೆಸ್ಟಿನ ಮೇಲ್ತುದಿ ನೆತ್ತಿಯ ಮಟ್ಟಕ್ಕಿರಬೇಕು, ತಲೆಗೂ ಅದಕ್ಕೂ ನಡುವೆ ಆದಷ್ಟು ಕಡಿಮೆ ಜಾಗ ಇರಬೇಕು. ಹಿಂದಿನಿಂದ ಯಾರಾದರೂ ಗುದ್ದಿದರೂ ಕಾಪಾಡೋದು ಅದೇ. ಸೀಟು ಡಿಸೈನ್ ಮಾಡುವವರಿಗೆ ತುರುಬು ಅಂತ ಒಂದು ಇದೆ ಅನ್ನೋದು ನೆನಪಿರುತ್ತಾ ಅಂತ ನನಗೆ ಡೌಟು.

"ಏ ತಮ್ಮಾ, ಗಾಡಿ ಮ್ಯಾಲೇಳಾಕತ್ತದ, ಮೆಲ್ಲಕ ಹೊಡಿ" ಅಂತ ಅತ್ತಿ ಕೂಗಿದರು. ಮೈದುನ ನಕ್ಕ. ಆದರೆ ಅವರು ಹೇಳಿದ್ದು ಸುಮ್ನೆ ಅಲ್ಲ. ಒಳಕಿವಿಯಲ್ಲಿ ಅಂಟಿನಂಥ ಪದರದ ಮೇಲೆ ಸಣ್ಣ ಸುಣ್ಣದ ಹರಳುಗಳಿವೆ. ತಲೆ ವಾಲಿದಾಗ ಅವು ಜರುಗುತ್ತವೆ. ಗಾಡಿ ಮುಂದಕ್ಕೆ ನುಗ್ಗಿದಾಗಲೂ ಹಾಗೇ ಜರುಗುತ್ತವೆ. ಕಣ್ಣು ಮುಚ್ಚಿದ್ದರೆ ಇದಾ ಅದಾ ಅಂತ ಮೆದುಳಿಗೆ ಗೊತ್ತಾಗಲ್ಲ. 0.45 ಜಿ ಅಂದರೆ ಸುಮಾರು 24 ಡಿಗ್ರಿ ಹಿಂದಕ್ಕೆ ವಾಲಿದ ಭಾಸ. ಅತ್ತಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಇದ್ದರು. ಕತ್ತಲಲ್ಲಿ ವಿಮಾನ ಏರಿಸುವ ಪೈಲಟ್‌ಗಳಿಗೂ ಇದೇ ಭ್ರಮೆ ಬರುತ್ತದೆ, ಮೂತಿ ಜಾಸ್ತಿ ಎದ್ದಿದೆ ಅಂದುಕೊಂಡು ಕೆಳಕ್ಕೆ ಒತ್ತುವ ಅಪಾಯ ಇರುತ್ತೆ.

ಪೈಲಟ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಊರಿನವರಿಗೆ ತಲೆ ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾಕ್ ಹಾರೋದು ಹೊಸದಲ್ಲ, ಆಕಾಶದಲ್ಲಿ ಕಸರತ್ತು ತೋರಿಸೋ ವಾಯುಪಡೆಯ ಸೂರ್ಯಕಿರಣ್ ತಂಡ ಹುಟ್ಟಿದ್ದೇ 1996ರಲ್ಲಿ ಇಲ್ಲಿ. ಹಾಗಾಗಿ 'ಬೂಸ್ಟ್ ಹಾಕಿದ್ರೆ ಪೈಲಟ್ ತರ ಕಣ್ಣು ಕತ್ತಲೆ ಬರುತ್ತಾ' ಅಂತ ಕ್ಲಿನಿಕ್‌ನಲ್ಲೂ ಕೇಳಿದರು. ಬರಲ್ಲ. ವಿಮಾನ ಗಕ್ಕನೆ ತಿರುಗಿದಾಗ ಬಲ ತಲೆಯಿಂದ ಕಾಲಿನ ಕಡೆ ಬೀಳುತ್ತದೆ, ರಕ್ತ ಕೆಳಕ್ಕಿಳಿಯುತ್ತದೆ. ರಕ್ಷಣೆ ಇಲ್ಲದಿದ್ದರೆ ನಾಲ್ಕೈದು ಜಿ ಹೊತ್ತಿಗೆ ಕಣ್ಣು ಮಂಜಾಗುತ್ತದೆ. ಅದಕ್ಕೇ ಕಾಲು, ಹೊಟ್ಟೆ ಬಿಗಿಹಿಡಿಯೋ ಜಿ-ಸೂಟ್ ಹಾಕೋದು. ಕಾರಿನಲ್ಲಿ ಬಲ ಎದೆಯಿಂದ ಬೆನ್ನಿಗೆ, ಅದೂ ಅರ್ಧ ಜಿ ಲೆಕ್ಕದಲ್ಲಿ. ಎದೆ ಡವಡವ ಅನ್ನೋದು ಹೆದರಿಕೆಗೋ ಖುಷಿಗೋ ಏರಿದ ಅಡ್ರಿನಲಿನ್‌ನಿಂದ.

ನನ್ನ ಮಗನಿಗೆ ವಾಂತಿ ಬಂದಿದ್ದು ಮಾತ್ರ ಬೂಸ್ಟ್‌ನಿಂದ ಅಲ್ಲ. ರೀಜನ್ ಜೋರಾಗಿಟ್ಟಿದ್ದ ನಮ್ಮ ಮೈದುನನಿಂದ! ಪೆಡಲ್ ಬಿಟ್ಟ ತಕ್ಷಣ ಗಾಡಿ ತಾನೇ ನಿಧಾನ ಆಗಿ ಬ್ಯಾಟರಿ ತುಂಬಿಸಿಕೊಳ್ಳುತ್ತೆ. ಊರೊಳಗೆ ಹತ್ತು ಹೆಜ್ಜೆಗೊಂದು ಹಂಪ್. ಒತ್ತು, ಬಿಡು, ಒತ್ತು, ಬಿಡು. ಹಿಂದೆ ಎಲ್ಲರ ತಲೆ ಕೋಲೆಬಸವನ ಹಾಗೆ ಆಡುತ್ತಿತ್ತು. ಹುಡುಗ ಮೊಬೈಲ್ ನೋಡ್ತಿದ್ದ. ಪರದೆ ನೋಡೋ ಕಣ್ಣು ಅಲುಗಾಟ ಇಲ್ಲ ಅನ್ನುತ್ತೆ, ಕಿವಿ ಇದೆ ಅನ್ನುತ್ತೆ. ಆ ಜಗಳಕ್ಕೆ ಹೊಟ್ಟೆ ತೊಳಸುತ್ತೆ. ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ರೀಜನ್ ಇಳಿಸಿ, ಮೊಬೈಲ್ ಕಸಿದುಕೊಂಡು, ದೂರದ ರಸ್ತೆ ನೋಡು ಅಂದೆ. ಭಾಲ್ಕಿಗೆ ಹೋಗಿ ಬಂದಾಗ ಏನೂ ಆಗಲಿಲ್ಲ.

ಸೀಟು ಚೆನ್ನಾಗಿದೆ, ಬೆನ್ನಿಗೆ ಆಸರೆ ಸಿಗುತ್ತೆ. ಹದವಾಗಿ ಓಡಿಸಿದರೆ ಇಷ್ಟು ನಯವಾದ ಗಾಡಿಯಲ್ಲಿ ನಾನು ಕೂತಿಲ್ಲ. ಆದರೆ ಸರ್ವೈಕಲ್ ಸ್ಪಾಂಡಿಲೋಸಿಸ್ (ಕುತ್ತಿಗೆ ಮೂಳೆ ಸವೆತ) ಇರೋರು, ಹೊಸದಾಗಿ ಬೆನ್ನಿನ ಆಪರೇಷನ್ ಆದವರು, ಬಸುರಿಯರು ಕೂತಾಗ ಬೂಸ್ಟ್ ಮುಟ್ಟಲೇಬೇಡಿ. ಕುತ್ತಿಗೆಗೆ ಕಾಲರ್ ಹಾಕಿಕೊಂಡೇ ಟೆಸ್ಟ್ ಡ್ರೈವ್‌ಗೆ ಹೊರಟ ಪೇಷಂಟ್ ಒಬ್ಬರನ್ನು ನಾನೇ ತಡೆದಿದ್ದೇನೆ.

ಇನ್ನು ದುಡ್ಡಿನ ಮಾತು. ಕ್ಯೂಡಬ್ಲ್ಯೂಡಿ ಬಿಡುಗಡೆಯಾದಾಗ ಎಕ್ಸ್-ಶೋರೂಮ್ 28.99 ಲಕ್ಷ ಇತ್ತು. ಹಿಂದಿನ ಚಕ್ರಕ್ಕೆ ಮಾತ್ರ ಮೋಟರ್ ಇರೋ ಮಾದರಿಯಲ್ಲೂ 238 ಪಿಎಸ್ ಶಕ್ತಿ ಇದೆ, ಅದು ಅಗ್ಗ ಕೂಡ. ಅತ್ತಿ-ಮಾವ, ಮಕ್ಕಳನ್ನು ಕೂರಿಸಿಕೊಂಡು ಹೈದರಾಬಾದ್‌ಗೆ ಹೋಗಿಬರೋರಿಗೆ ಅದೇ ಸಾಕು ಅಲ್ವಾ? ಶೋರೂಮ್‌ಗೆ ಹೋದಾಗ ಓಡಿಸಿ ನೋಡೋದು ಇದ್ದದ್ದೇ. ಅರ್ಧ ದಾರಿಯಲ್ಲಿ ನಿಲ್ಲಿಸಿ, ಕೀ ಸೇಲ್ಸ್ ಹುಡುಗನ ಕೈಗೆ ಕೊಟ್ಟು, ನೀವೂ ಹಿಂದೆ ಕೂತು ಒಂದು ರೌಂಡ್ ಬನ್ನಿ.