ಜಪಾನ್ ಏರ್‌ಲೈನ್ಸ್: ದಿವಾಳಿಗೆ ಮುಂಚಿನಿಂದ ಇವತ್ತಿನವರೆಗೆ ಹತ್ತಿದವನ ಅನುಭವ

ಕೆಲಸಕ್ಕೆಂದು ಟೋಕಿಯೋಗೆ ಬಂದದ್ದು 2008ರಲ್ಲಿ. ಅಂದಿನಿಂದ ಊರಿಗೆ ಹೋಗುವುದಕ್ಕೂ, ಆಫೀಸ್ ಕೆಲಸಕ್ಕೆ ಸಪ್ಪೊರೊ, ಫುಕುಒಕಾ ಅಂತ ತಿರುಗುವುದಕ್ಕೂ ನಾನು ಜಾಸ್ತಿ ಹತ್ತಿದ್ದು ಜಪಾನ್ ಏರ್‌ಲೈನ್ಸ್. ಇಲ್ಲಿ ಎಲ್ಲರೂ ಅದನ್ನು ಜಾಲ್ ಅಂತಲೇ ಕರೆಯುತ್ತಾರೆ. ದಿವಾಳಿಗೆ ಮುಂಚೆ ಹತ್ತಿದ್ದೇನೆ, ದಿವಾಳಿಯಾಗಿದ್ದಾಗ ಹತ್ತಿದ್ದೇನೆ, ಎದ್ದು ನಿಂತ ಮೇಲೂ ಹತ್ತುತ್ತಿದ್ದೇನೆ.

2010ರ ಜನವರಿ 19ರಂದು ಕಂಪನಿ ಕೋರ್ಟ್ ಮೊರೆ ಹೋಯಿತು. ಸಾಲ 2.3 ಲಕ್ಷ ಕೋಟಿ ಯೆನ್. ಸುದ್ದಿ ನೋಡಿ ನನಗೆ ಮೊದಲು ನೆನಪಾದದ್ದು ಕೂಡಿಟ್ಟ ಮೈಲ್ಸ್, ಅಂದರೆ ಹಾರಿದಷ್ಟೂ ಸಿಗುವ, ಮುಂದೆ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್ಸ್. ಎಲ್ಲಾ ಹೋಯಿತು ಅಂದುಕೊಂಡೆ. ಹೋಗಲಿಲ್ಲ. ಮೈಲ್ಸ್ ಉಳಿಯಿತು, ಟಿಕೆಟ್ ಉಳಿಯಿತು, ವಿಮಾನಗಳು ಮರುದಿನವೂ ಹಾರಿದವು. ಇದು ಸಣ್ಣ ಮಾತಲ್ಲ. ನಮ್ಮಲ್ಲಿ 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಮತ್ತೆ ಹಾರಲೇ ಇಲ್ಲ. ಹಾಗಾಗಿ ದಿವಾಳಿ ಅಂದರೆ ಬಾಗಿಲು ಮುಚ್ಚುವುದು ಅಂತಲೇ ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಇಲ್ಲಿ ಸರ್ಕಾರದ ಬೆಂಬಲದ ಸಂಸ್ಥೆಯೊಂದು 35,000 ಕೋಟಿ ಯೆನ್ ಬಂಡವಾಳ ಹಾಕಿತು. ಬ್ಯಾಂಕುಗಳು 50,000 ಕೋಟಿಗೂ ಜಾಸ್ತಿ ಸಾಲ ಬಿಟ್ಟುಕೊಟ್ಟವು.

ಹಣ ಬಂದ ಮಾತ್ರಕ್ಕೆ ಕಂಪನಿ ಎದ್ದು ನಿಲ್ಲಲಿಲ್ಲ. ಕ್ಯೋಸೆರಾ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದ ಕಝುಒ ಇನಾಮೊರಿ ಅವರನ್ನು ಅಧ್ಯಕ್ಷರಾಗಿ ಕರೆತಂದರು. ಆಗ ಅವರಿಗೆ 78 ವರ್ಷ. ವಿಮಾನದ ವ್ಯವಹಾರ ಹೊಸದು. ಸಂಬಳ ಬೇಡ ಅಂದರು. ಅವರು ತಂದ ಪದ್ಧತಿಗೆ 'ಅಮೀಬಾ' ಅಂತ ಹೆಸರು. ಕಂಪನಿಯನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪೂ ತನ್ನ ಆದಾಯ, ಖರ್ಚು ತಾನೇ ನೋಡಿಕೊಳ್ಳಬೇಕು. ಮುಂಚೆ ಲೆಕ್ಕ ಕೈಗೆ ಸಿಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಆಮೇಲೆ ಇವತ್ತಿನ ವಿಮಾನ ಲಾಭ ಮಾಡಿತೋ ನಷ್ಟವೋ ಅಂತ ನಾಳೆಗೇ ಗೊತ್ತಾಗತೊಡಗಿತು. ಪೈಲಟ್‌ಗಳು ಕಾಗದದ ಲೋಟ ಬಿಟ್ಟು ಮನೆಯಿಂದ ತಮ್ಮದೇ ಲೋಟ ತರತೊಡಗಿದರು. ಕಿರಾಣಿ ಅಂಗಡಿಯವರು ರಾತ್ರಿ ಗಲ್ಲಾ ಎಣಿಸಿಯೇ ಬಾಗಿಲು ಹಾಕುವುದಿಲ್ಲವೇ, ಅಷ್ಟೇ ಸರಳ ಇದು. ಇಷ್ಟು ದೊಡ್ಡ ಕಂಪನಿಯಲ್ಲಿ ಅದೇ ತಪ್ಪಿಹೋಗಿತ್ತು.

ಪ್ರಯಾಣಿಕನಾಗಿ ನನ್ನ ಕಣ್ಣಿಗೆ ಕಂಡ ಮೊದಲ ಬದಲಾವಣೆ ಜಂಬೋ ಜೆಟ್ ಹೋದದ್ದು. ಮುಂಚೆ ಸಪ್ಪೊರೊಗೆ 500ಕ್ಕೂ ಜಾಸ್ತಿ ಸೀಟಿನ 747 ಹೋಗುತ್ತಿತ್ತು. ಒಮ್ಮೆ ಚಳಿಗಾಲದ ಬೆಳಿಗ್ಗೆ ನನ್ನ ಇಡೀ ಸಾಲಿಗೆ ನಾನೊಬ್ಬನೇ ಕೂತಿದ್ದೆ. ನನಗೇನೋ ಆರಾಮ, ಆದರೆ ಅಷ್ಟು ಖಾಲಿ ಸೀಟು ಹೊತ್ತು ಹಾರುವ ಖರ್ಚು ಯಾರ ತಲೆಗೆ? 2011ರ ಮಾರ್ಚ್ 1ಕ್ಕೆ ಕೊನೆಯ 747 ಕೂಡ ನಿವೃತ್ತಿಯಾಯಿತು. ಅದೇ ವರ್ಷ ಬಾಲದ ಮೇಲೆ ಕೆಂಪು ಕೊಕ್ಕರೆಯ ಹಳೆ ಲಾಂಛನ ವಾಪಸ್ ಬಂತು.

ಆದರೆ ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಸೀಟು. ಉಳಿತಾಯ ಅಂದರೆ ಸೀಟು ಒತ್ತೊತ್ತಾಗಿ ಹಾಕುತ್ತಾರೆ ಅಂತ ನಾನು ಹೆದರಿದ್ದೆ. 2012ರಲ್ಲಿ ಬೋಯಿಂಗ್ 787 ವಿಮಾನ ಬಂತು. ಬೇರೆ ಬಹುತೇಕ ಕಂಪನಿಗಳು ಆ ವಿಮಾನದ ಎಕಾನಮಿಯಲ್ಲಿ ಅಡ್ಡಸಾಲಿಗೆ ಒಂಬತ್ತು ಸೀಟು ಹಾಕುತ್ತವೆ. ಇವರು ವಿದೇಶಕ್ಕೆ ಹಾರುವ ವಿಮಾನಗಳಲ್ಲಿ ಎಂಟೇ ಹಾಕಿದರು. ಎರಡು, ನಾಲ್ಕು, ಎರಡು. ನನ್ನ ಭುಜ ಅಗಲ. ಒಂಬತ್ತರ ಸಾಲಿನಲ್ಲಿ ಕೂತರೆ ಪಕ್ಕದವರ ಮೊಣಕೈ ಜೊತೆ ಇಡೀ ರಾತ್ರಿ ಗುದ್ದಾಟ. ಇಲ್ಲಿ ಊಟದ ಟ್ರೇ ಇಟ್ಟುಕೊಂಡು ಎರಡೂ ಕೈ ಆಡಿಸಿ ಅನ್ನ ಕಲಸಬಹುದು. ಕಾಲಿಗೂ ಜಾಗ ಇದೆ. ಸಾಲ ಮಾಡಿ ಮುಳುಗಿ ಎದ್ದ ಕಂಪನಿ ಪ್ರತಿ ಸಾಲಿನಲ್ಲೂ ಒಂದು ಸೀಟಿನ ದುಡ್ಡು ಬಿಟ್ಟುಕೊಟ್ಟಿದೆಯಲ್ಲ, ನನಗೆ ಇವತ್ತಿಗೂ ಅದೇ ದೊಡ್ಡದಾಗಿ ಕಾಣುತ್ತದೆ.

ಜಪಾನಿನ ಒಳಗಿನ ವಿಮಾನಗಳಲ್ಲಿ 2017ರಿಂದ ವೈಫೈ ಉಚಿತ. ಸ್ವಲ್ಪ ದೊಡ್ಡ ಸೀಟಿನ 'ಕ್ಲಾಸ್ ಜೆ'ಗೆ ಬಹಳ ವರ್ಷ ಬರೀ 1,000 ಯೆನ್ ಜಾಸ್ತಿ ಕೊಟ್ಟರೆ ಸಾಕಾಗುತ್ತಿತ್ತು.

ಇದಕ್ಕೆಲ್ಲ ಬೆಲೆ ತೆತ್ತವರನ್ನು ಮರೆತು ಬರೆದರೆ ತಪ್ಪಾಗುತ್ತದೆ. ಸುಮಾರು 16,000 ಜನರ ಕೆಲಸ ಹೋಯಿತು. ನಿವೃತ್ತರ ಪಿಂಚಣಿ ಕಡಿತವಾಯಿತು. ಷೇರು ಇಟ್ಟುಕೊಂಡವರ ಕೈಗೆ ಒಂದು ಕಾಸೂ ಉಳಿಯಲಿಲ್ಲ. 2010ರ ಕೊನೆಯ ದಿನ 165 ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಯನ್ನು ತೆಗೆದರು. ಅವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. 2012ರ ಮಾರ್ಚ್‌ಗೆ ಮುಗಿದ ವರ್ಷ ಕಂಪನಿಗೆ ವ್ಯವಹಾರದಿಂದ ಬಂದ ಲಾಭವೇ (ಆಪರೇಟಿಂಗ್ ಪ್ರಾಫಿಟ್) 20,000 ಕೋಟಿ ಯೆನ್‌ಗೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಮತ್ತೆ ಷೇರುಪೇಟೆಗೂ ಬಂತು. ಅಷ್ಟು ಬೇಗ ಅಷ್ಟು ಲಾಭ ಬಂದ ಮೇಲೆ ಆ 165 ಜನರಲ್ಲಿ ಬಯಸಿದವರನ್ನೆಲ್ಲ ವಾಪಸ್ ಕರೆಯಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸುರಕ್ಷತೆ ವಿಷಯಕ್ಕೆ ಬರುತ್ತೇನೆ. 1985ರಲ್ಲಿ ಇವರದೇ ವಿಮಾನದ ಅಪಘಾತದಲ್ಲಿ 520 ಜನ ಸತ್ತರು. ಆ ವಿಮಾನದ ಚೂರುಗಳನ್ನು ಟೋಕಿಯೋದ ಹನೇಡಾ ವಿಮಾನ ನಿಲ್ದಾಣದ ಹತ್ತಿರದ ಒಂದು ಕೇಂದ್ರದಲ್ಲಿ ಇಟ್ಟು, ಸಿಬ್ಬಂದಿಗೆ ತೋರಿಸಿ ತರಬೇತಿ ಕೊಡುತ್ತಾರೆ. 2024ರ ಜನವರಿ 2ರಂದು ಹನೇಡಾ ರನ್‌ವೇಯಲ್ಲಿ ಇವರ ಏರ್‌ಬಸ್ ಎ350 ವಿಮಾನ ಕರಾವಳಿ ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಾಗ ನಾನು ಟಿವಿ ಮುಂದೆ ಕೂತಿದ್ದೆ. ಆ ಸಣ್ಣ ವಿಮಾನದ ಐವರು ತೀರಿಕೊಂಡರು. ಜಾಲ್ ವಿಮಾನದ 379 ಜನರೂ ಜೀವಂತ ಹೊರಬಂದರು. ಒಳಗೆ ಹೊಗೆ, ಮೈಕ್ ಕೆಟ್ಟಿತ್ತು, ಮೆಗಾಫೋನ್ ಹಿಡಿದು ಕೂಗಿ ಇಳಿಸಿದರು. ಅಂದಿನಿಂದ ನಾನು ಸುರಕ್ಷತೆಯ ವಿಡಿಯೋ ಹಾಕಿದರೆ ಫೋನ್ ಕೆಳಗಿಟ್ಟು ನೋಡುತ್ತೇನೆ.

ನಮ್ಮವರಿಗೆ ಬೇಕಾದ ಮಾತು: ಮುಂಚೆ ಡೆಲ್ಲಿಗೆ ಹೋಗಿ ವಿಮಾನ ಬದಲಿಸಬೇಕಿತ್ತು. ಟೋಕಿಯೋದ ಇನ್ನೊಂದು ವಿಮಾನ ನಿಲ್ದಾಣ ನರಿತಾದಿಂದ ಬೆಂಗಳೂರಿಗೆ ನೇರ ವಿಮಾನ 2020ರ ಮಾರ್ಚ್‌ನಲ್ಲಿ ಶುರುವಾಗಬೇಕಿತ್ತು, ಕೋವಿಡ್‌ನಿಂದ ತಡವಾಯಿತು. ಈಗ ಇದೆ, ಸುಮಾರು ಹತ್ತು ಗಂಟೆ. ಅಗ್ಗ ಅಲ್ಲ. ಸಸ್ಯಾಹಾರಿಗಳು ಹೊರಡುವ ದಿನದ ತನಕ ಕಾಯಬೇಡಿ, ಟಿಕೆಟ್ ಮಾಡಿದ ದಿನವೇ ಊಟ ಹೇಳಿಬಿಡಿ. ಅಪ್ಪ ಅಮ್ಮನ್ನ ಕರೆದುಕೊಂಡು ಬರುವವರು ಕಿಟಕಿ ಪಕ್ಕದ ಎರಡು ಸೀಟಿನ ಜೋಡಿ ಹಿಡಿಯಿರಿ. ಮಧ್ಯರಾತ್ರಿ ಏಳಬೇಕಾದರೆ ಅಪರಿಚಿತರನ್ನು ಎಬ್ಬಿಸುವ ಸಂಕೋಚ ಅವರಿಗಿರುವುದಿಲ್ಲ. ನಮ್ಮಮ್ಮ ಹಾಗೆಯೇ ಬಂದದ್ದು. ವಾಪಸ್ ಹೊರಟಾಗ ನರಿತಾದಲ್ಲಿ ಕೆಳಗೆ ನಿಂತ ಸಿಬ್ಬಂದಿ ಬಗ್ಗಿ ನಮಸ್ಕರಿಸಿ ಕೈ ಬೀಸಿದರು. ಅಮ್ಮ ಕಿಟಕಿಗೆ ಅಂಗೈ ಒತ್ತಿ, "ನಮಗೇನೋ ಅದು?" ಅಂದರು. ಹೌದಮ್ಮ, ನಮಗೇ ಅಂದೆ.